ನಮ್ಮ ಮನೆಯ ಬಿಳಿ ಗುಂಡುಸೂಜಿ

ಕಾರ್ಬಿನ್ ಫಾಲ್ಸ್, ನ್ಯೂಯಾರ್ಕ್ ರಾಜ್ಯ
೨೬ ಅಕ್ಟೋಬರ್ ೧೯೧೭, ಶುಕ್ರವಾರ

ಪ್ರೀತಿಯ ಮಗು ಆರಿನ್,

ಕೆಮ್ಮು ಹೇಗಿದೆ? ಸೈನ್ಯದ ಡೇರೆಯಲ್ಲಿ ನೆಲವೆಲ್ಲ ತೇವ ಎಂದು ಬರೆದಿದ್ದೆ. ನಾನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಪಕ್ಕದವನಿಗೆ ದಾನ ಮಾಡಿದೆಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ಸೇಬಿನ ಕೊಯ್ಲು ಮುಗಿಯಿತು. ನಿಮ್ಮಪ್ಪನ ಸೊಂಟನೋವು ಹಾಗೇ ಇದೆ, ಕುದುರೆ ಜೀನು ಹೊಲಿಯುವ ಅಂಗಡಿಯೂ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಈ ವಾರದ ಮಟ್ಟಿಗೆ ಅದು ಸುಳ್ಳಾಗುತ್ತದೆ. ನಿನಗಾದರೂ ಹೇಳಿಬಿಡುತ್ತೇನೆ.

ಬೀಜದಂಗಡಿಯ ಮಹಡಿಯಲ್ಲಿ ನಮ್ಮ ಹೆಂಗಸರ ಕಚೇರಿ ಇದೆಯಲ್ಲ, ಅಲ್ಲಿ ಗೋಡೆ ತುಂಬ ಊರಿನ ನಕ್ಷೆ ತೂಗುಹಾಕಿದ್ದೇವೆ. ಎರಡು ವರ್ಷದ ಹಿಂದೆ ಹೆಂಗಸರಿಗೆ ಮತದ ಹಕ್ಕು ಕೊಡಬೇಕೇ ಎಂದು ಗಂಡಸರನ್ನು ಕೇಳಿದಾಗ, ಭಾಷಣ, ಮೆರವಣಿಗೆ ಎಂದು ಕುಣಿದಾಡಿ ಸೋತೆವು. ನವೆಂಬರ್ ಆರಕ್ಕೆ ಅದೇ ಪ್ರಶ್ನೆ ಮತ್ತೆ ಮತಕ್ಕೆ ಬರುತ್ತಿದೆ, ಈ ಸಲ ಮನೆಮನೆ ಸುತ್ತುವ ಕೆಲಸ. ಒಬ್ಬೊಬ್ಬ ಗಂಡಸಿಗೂ ನಕ್ಷೆಯ ಮೇಲೆ ಒಂದು ಗುಂಡುಸೂಜಿ. ಹೂಂ ಎಂದರೆ ಬಿಳಿ, ಊಹೂಂ ಎಂದರೆ ಕಪ್ಪು, ನೋಡೋಣ ಎಂದರೆ ನೀಲಿ. ನಮ್ಮ ಮುಖ್ಯಸ್ಥೆ ಮಿಸ್ ಪ್ರೌಟಿಯವರದು ಒಂದೇ ಕಟ್ಟಪ್ಪಣೆ: ಮತ ಹಾಕುವವನ ಬಾಯಿಂದಲೇ ಕೇಳಬೇಕು, ಹೆಂಡತಿ ಹೇಳಿದರೆ ಸೂಜಿ ಇಲ್ಲ. ನೀಲಿ ಇರುವ ಮನೆಗೆ ಮಾತ್ರ ಮತ್ತೆ ಹೋಗಿ ಮಾತಾಡುತ್ತೇವೆ. ಹಾಗಾಗಿ ಒಂದು ಸುಳ್ಳು ಬಿಳಿ ಸೂಜಿ ಎಂದರೆ ಒಂದು ಮತ ಕೈಬಿಟ್ಟ ಹಾಗೆಯೇ.

ಗಿರಣಿ ಬೀದಿಯಿಂದ ಹೊಳೆಯವರೆಗೆ ನೂರ ಹನ್ನೆರಡು ಮನೆ ನನ್ನ ಪಾಲಿನವು. ನೂರ ಹನ್ನೊಂದರ ಬಾಗಿಲು ತಟ್ಟಿದೆ. ನಮ್ಮ ಮನೆಗೆ ಮಾತ್ರ ಕೇಳದೆಯೇ ಬಿಳಿ ಸೂಜಿ ಚುಚ್ಚಿಬಿಟ್ಟೆ. ಇಪ್ಪತ್ತಮೂರು ವರ್ಷ ಜೊತೆಗಿದ್ದವರನ್ನು ಏನು ಕೇಳುವುದು ಎಂದುಕೊಂಡೆ. ಅದೂ ಸುಳ್ಳೇ. ಕೇಳಿದರೆ ಎಲ್ಲಿ ಊಹೂಂ ಅಂದಾರೋ ಎಂಬ ಭಯ. ಉಳಿದ ಹೆಂಗಸರ ಎದುರು ನಮ್ಮ ಮನೆಗೆ ಕಪ್ಪು ಚುಚ್ಚುವ ಧೈರ್ಯ ನನಗಿರಲಿಲ್ಲ.

ಸೋಮವಾರ ಮಿಸ್ ಪ್ರೌಟಿ ನನ್ನನ್ನು ಕರೆದುಕೊಂಡು ನೇರ ಅಂಗಡಿಗೇ ಹೋದರು. ನಮ್ಮ ಪರ ಇರುವ ಗಂಡಸರ ಹೆಸರು ಪತ್ರಿಕೆಯಲ್ಲಿ ಬರುವುದಿತ್ತು. ಮೊದಲ ಸಹಿ ನಿಮ್ಮದಿರಲಿ ಎಂದು ನಿಮ್ಮಪ್ಪನ ಮುಂದೆ ಕಾಗದ ಹಿಡಿದರು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ನಿಮ್ಮಪ್ಪ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ನಾನು ಹೂಂ ಅಂದೆ ಅಂತ ಯಾರಮ್ಮ ಹೇಳಿದ್ದು ನಿಮ್ಗೆ?" ಎಂದರು. ಮಿಸ್ ಪ್ರೌಟಿ ನನ್ನ ಕಡೆ ತಿರುಗಿದರು. "ಊರಲ್ಲಿರೋ ಗಂಡಸ್ರನ್ನೆಲ್ಲ ಕೇಳ್ಕೊಂಡು ಬಂದ್ಲು. ನನ್ನ ಒಂದಿನ ಕೇಳಿದ್ಳಾ, ಅವಳನ್ನೇ ಕೇಳಿ," ಎಂದರು ನಿಮ್ಮಪ್ಪ. ಗಿರಾಕಿಗಳು ನಕ್ಕರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು, ಆರಿನ್.

ಮಿಸ್ ಪ್ರೌಟಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಂಥವು ಇನ್ನೆಷ್ಟಿವೆ, ಮಿಸೆಸ್ ಟೆಫ್ಟ್?" ಎಂದು ಕೇಳಿದರು ಅಷ್ಟೇ. ಒಂದೂ ಇಲ್ಲ ಎಂದೆ. "ನಾನೇನೋ ನಂಬ್ತೀನಿ. ಆದ್ರೆ ನನ್ನ ನಂಬಿಕೆ ಮೇಲೆ ನಕ್ಷೆ ನಡೆಯಲ್ಲ," ಎಂದು, ನನ್ನ ಪಾಲಿನ ಸೂಜಿಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದರು. ಮತದಾನಕ್ಕೆ ಹದಿನೈದೇ ದಿನ ಉಳಿದಿತ್ತು. ಅವತ್ತಿನಿಂದ ಅವೇ ಬಾಗಿಲುಗಳನ್ನು ಮತ್ತೆ ತಟ್ಟುತ್ತಿದ್ದೇನೆ. "ಮೊನ್ನೆ ಹೇಳ್ಲಿಲ್ವೇನಮ್ಮ, ಕಿವಿ ಮಂದವಾ?" ಎಂದು ಹೊಳೆದಂಡೆಯ ಮುದುಕ ಬ್ರಿಗ್ಸ್ ರೇಗಿದ. ಮೊದಲು ಹೂಂ ಎಂದಿದ್ದ ಇಬ್ಬರು ಅಂಗಡಿಯ ಸುದ್ದಿ ಕೇಳಿ, ಗಂಡನನ್ನೇ ಒಪ್ಪಿಸಲಾಗದವಳು ನಮಗೇನು ಹೇಳುತ್ತೀ ಎಂದು ಬಾಗಿಲು ಹಾಕಿಕೊಂಡರು. ಆ ಎರಡು ಮತ ನನ್ನಿಂದಲೇ ಹೋದವು.

ನಿನ್ನೆ ಸಂಜೆ ನಮ್ಮ ಮನೆಯ ಸರದಿ. ಅಡುಗೆಮನೆಯ ಕಡೆಯಿಂದ ಹೋಗದೆ, ಟೋಪಿಯನ್ನೂ ತೆಗೆಯದೆ ಮುಂಬಾಗಿಲು ತಟ್ಟಿದೆ. ನಿಮ್ಮಪ್ಪ ತೆರೆದು, "ಏನೇ, ದಾರಿ ತಪ್ಪಿತಾ?" ಎಂದರು. ಮಿಸ್ಟರ್ ಟೆಫ್ಟ್, ಆರನೆಯ ತಾರೀಖು ನಿಮ್ಮ ಮತ ಯಾವ ಕಡೆ ಎಂದು ಕೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು, "ಹುಡುಗನ್ನ ಯುದ್ಧಕ್ಕೆ ಕಳಿಸ್ವಾಗ ನಿನ್ನ ಯಾರೂ ಕೇಳ್ಲಿಲ್ಲ. ಅದು ನಂಗೂ ಗೊತ್ತು. ಆದ್ರೂ ಇನ್ನೂ ತೀರ್ಮಾನ ಮಾಡಿಲ್ಲ, ಹಂಗೇ ಬರ್ಕೋ," ಎಂದರು. ಇವತ್ತು ಬೆಳಿಗ್ಗೆ ಎಲ್ಲರೆದುರು ನಮ್ಮ ಮನೆಗೆ ನೀಲಿ ಸೂಜಿ ಚುಚ್ಚಿ ಬಂದೆ. ಇನ್ನು ಹನ್ನೊಂದು ದಿನ ಊಟದ ಮೇಜಿನಲ್ಲಿ ಏನು ಮಾತಾಡಬೇಕೋ ತಿಳಿಯದು.

ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು, ಯಾರ ಜೊತೆಗೂ ಜಗಳವಾಡಬೇಡ. ನೀನು ಎಲ್ಲಿದ್ದರೂ ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಮ್ಮ,
ಅಲ್ಮೈರಾ ಟೆಫ್ಟ್

ಬರೆಯಲು ಮರೆತದ್ದು: ಮರೆತದ್ದಲ್ಲ, ಕೈ ಬರಲಿಲ್ಲ. ಸೈನಿಕರಿಗೆ ಶಿಬಿರದಲ್ಲೇ ಮತದಾನವಂತೆ. ಆಗಸ್ಟಿನಲ್ಲಿ ನಿನಗೆ ಇಪ್ಪತ್ತೊಂದು ತುಂಬಿತು, ಹಾಗಾಗಿ ನಮ್ಮ ಮನೆಗೆ ಎರಡು ಸೂಜಿ. "ಮಗಂದು ಯಾವುದು?" ಎಂದು ಮಿಸ್ ಪ್ರೌಟಿ ಡಬ್ಬಿ ಚಾಚಿದರು. ಬಿಳಿ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ನಿನ್ನನ್ನೂ ನಾನು ಕೇಳಿಯೇ ಇಲ್ಲವಲ್ಲ. ಈಗ ಕೇಳುತ್ತಿದ್ದೇನೆ ಆರಿನ್, ಹೂಂ ಅನ್ನುತ್ತೀಯೋ, ಊಹೂಂ ಅನ್ನುತ್ತೀಯೋ? ಅಮ್ಮನಿಗೆ ನೋವಾಗುತ್ತದೆ ಎಂದು ಸುಳ್ಳು ಬರೆಯಬೇಡ. ಬೇಗ ಬರಿ. ಅಲ್ಲಿಯವರೆಗೆ ನಿನ್ನ ಜಾಗ ಖಾಲಿ ಬಿಟ್ಟಿದ್ದೇನೆ.