ಮೈಸೂರು ಮಾದುವಿನ ಎಡೆ

ಹರವೆ
8-9-2025

ಗುಂಡ್ಲುಪೇಟೆಯ ಸುಂದ್ರಮ್ಮ ಅತ್ತಿಗೆಗೆ,

ಬರೆಯುತ್ತಿರುವವನು ನಿಮ್ಮ ಮೈದ ಚಿಕ್ಕಣ್ಣ. ಹೆಸರು ನೋಡಿ ಒಲೆಗೆ ಹಾಕಬೇಡಿ, ಪೂರ್ತಿ ಓದಿ ಆಮೇಲೆ ಹಾಕಿ. ಫೋನಿನಲ್ಲಿ ಹೇಳಿದರೆ ನಾನು ರೇಗುತ್ತೇನೆ, ನೀವು ಕಟ್ ಮಾಡುತ್ತೀರಿ. ಓಣಂ ಮುಗಿದು ನಿಮ್ಮ ಹೂವಿನ ಅಂಗಡಿಯ ಮುಂದೆ ಕೇರಳದವರ ಗಲಾಟೆ ಇಳಿದಿರುತ್ತದೆ ಅಂತ ಇವತ್ತು ಕೂತೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ನನ್ನ ಮೊಮ್ಮಗಳು ಭಾನು ಚೆನ್ನೈನ ಮಿಲಿಟರಿ ಅಕಾಡೆಮಿಯಲ್ಲಿ ಆಫೀಸರ್ ಟ್ರೈನಿಂಗಿಗೆ ಇರುವುದು ನಿಮಗೆ ಗೊತ್ತು. ನನಗೆ ಹೇಳದೆ ನಿಮಗೆ ವಾರವಾರ ಫೋನ್ ಮಾಡುತ್ತಾಳೆ, ಅದು ನನಗೆ ಗೊತ್ತು. ಈ ವಿಷಯ ಮಾತ್ರ ನಾನೇ ಹೇಳಬೇಕು ಅಂತ ಅವಳ ಬಾಯಿ ಕಟ್ಟಿಸಿದ್ದೇನೆ.

ಅಲ್ಲಿ ಯುದ್ಧದ ಚರಿತ್ರೆಯನ್ನು ಬರೀ ಪುಸ್ತಕ ಹಿಡಿದು ಕಲಿಸುವುದಿಲ್ಲವಂತೆ. ಯುದ್ಧ ಮಾಡಿ ಬಂದ ಮುದುಕರನ್ನು ಕರೆಸಿ, ಹುಡುಗರನ್ನು ಸುತ್ತ ಕೂರಿಸಿ ಮಾತಾಡಿಸುತ್ತಾರೆ. ಇವಳ ಗುಂಪಿಗೆ ಬಂದವರು ಸೇಲಂ ಕಡೆಯ ಮುತ್ತುಸಾಮಿ ಅಂತ. ಎಪ್ಪತ್ತೊಂದರ ಯುದ್ಧದಲ್ಲಿ ಸೇತುವೆ ಕಟ್ಟುವ ಪಡೆಯಲ್ಲಿದ್ದವರು. ನಮ್ಮ ದೊಡ್ಡತಾತ ಪುಟ್ಟಮಾದು ಕೂಡ ಅದೇ ಪಡೆ, ಬಾಂಗ್ಲಾದ ಹೊಳೆಯಲ್ಲಿ ಕಾಣೆಯಾದರು ಅಂತ ಇವಳು ಅಂದಳಂತೆ. ಅದಕ್ಕೆ ಆ ಮುದುಕರು, ನಿಮ್ಮನೇಲಿ ಸಾರಿಗೆ ಉಪ್ಪು ಜಾಸ್ತಿ ಹಾಕೋರು ಯಾರಾದ್ರೂ ಇದ್ರಾಮ್ಮಿ ಅಂತ ಕೇಳಿದರಂತೆ.

ಅವಳು ಫೋನ್ ಮಾಡಿ ನನ್ನನ್ನು ಅದನ್ನೇ ಕೇಳಿದಳು. ಕೋವಿ ಹಿಡಿಯೋದು ಕಲಿ ಅಂತ ಕಳಿಸಿದ್ರೆ ಸಾರಿನ ಮಾತಾಡ್ತಾ ಕೂತಿದ್ದೀಯೇನಮ್ಮಿ ಅಂತ ಬೈದೆ. ಬೈದು ಮುಗಿಯುವಷ್ಟರಲ್ಲಿ ನೆನಪಾಗಿ ಜಗುಲಿ ಮೇಲೆ ಕೂತುಬಿಟ್ಟೆ. ನೀವು ಮದುವೆಯಾಗಿ ಬಂದ ಹೊಸತರಲ್ಲಿ ಅವ್ವ ದಿನಾ, ಉಪ್ಪಿನ ಮೂಟೆಯ ತವರಿಂದ್ಲೇ ಹೊತ್ಕಂಡು ಬಂದವ್ಳೇನೋ ಅನ್ನುತ್ತಿದ್ದಳು. ಅಣ್ಣ ಮಾತ್ರ ತಲೆ ಎತ್ತದೆ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಬದುಕಿರುವವರಲ್ಲಿ ಇದು ಗೊತ್ತಿರುವುದು ನನಗೂ ನಿಮಗೂ ಮಾತ್ರ.

ಮನೆಯವರನ್ನು ಒಳಗೆ ಬಿಡುವ ಭಾನುವಾರ ನೋಡಿಕೊಂಡು ಹೋದೆ. ಗೇಟಿನಲ್ಲಿ ನನ್ನ ಹುರುಳಿಕಾಳಿನ ಚೀಲ ಬಿಚ್ಚಿಸಿದ ಸಿಪಾಯಿ ಜೊತೆ ಜಗಳವಾಯಿತು, ಅದು ಬಿಡಿ. ಒಳಗೆ ಚರಿತ್ರೆ ಕಲಿಸುವ ಕ್ಯಾಪ್ಟನ್ ಒಬ್ಬಳು ಹೆಣ್ಣುಮಗಳು. ಮುತ್ತುಸಾಮಿಯವರನ್ನೂ ಕರೆಸಿದ್ದಳು. ಬೇವಿನ ಮರದ ಕೆಳಗೆ ನಮ್ಮಿಬ್ಬರಿಗೂ ಕುರ್ಚಿ ಹಾಕಿಸಿ, ಹುಡುಗರ ಜೊತೆ ತಾನೂ ನೆಲದ ಮೇಲೆ ಕೂತಳು. ಪುಸ್ತಕದಲ್ಲಿ ಆ ಸೇತುವೆ ಒಂದು ಸಾಲು ಮಾತ್ರ, ನೀವಿಬ್ಬರು ಮಾತಾಡಿ, ನಾವು ಕೇಳುತ್ತೇವೆ ಅಂದಳು. ಆ ತಾಯಿ ಹೊಟ್ಟೆ ತಣ್ಣಗಿರಲಿ.

ಮುತ್ತುಸಾಮಿ ಬಾಯಿ ಬಿಟ್ಟರು. ಅತ್ತಿಗೆ, ಅವರು ಕನ್ನಡ ಕಲಿತದ್ದು ಬೆಂಗಳೂರಿನ ಬ್ಯಾರಕ್ಕಿನಲ್ಲಿ ಅಣ್ಣನಿಂದ. ಸೇಲಂ ಮುದುಕನ ಬಾಯಲ್ಲಿ ‘ಬುಡು ಕಣ್ಲಾ’, ‘ಓಗನ ಬಾ’. ದನಿ ಬೇರೆ, ಮಾತು ಅಣ್ಣನದೇ. ಹುಡುಗರ ಎದುರಿಗೆ ನನ್ನ ಕಣ್ಣು ತುಂಬಿತು.

ಈಗ ಕೂತು ಓದಿ. ಅಣ್ಣ ಇಲ್ಲ. ಸೇತುವೆ ಕಟ್ಟುವಾಗ ಮುತ್ತುಸಾಮಿ ಕಾಲಿಗೆ ಏಟು ಬಿದ್ದು ಹೊಳೆಗೆ ಬಿದ್ದರಂತೆ. ಅಣ್ಣ ಹಾರಿ, ಎಳೆದು ದೋಣಿಗೆ ಹಾಕಿದ. ಆಮೇಲೆ ಗುಂಡು ಅವನ ಎದೆಗೇ ಬಿತ್ತು. ಇವರ ತೊಡೆಯ ಮೇಲೇ ಜೀವ ಹೋಯಿತು. ದೋಣಿ ಮಗುಚಿ ಹೆಣ ಹೊಳೆ ಪಾಲಾಯಿತು. ಇವರು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ, ಹೆಣ ಸಿಗದ್ದರಿಂದ ನಮಗೆ ಕಾಣೆಯಾಗಿದ್ದಾನೆ ಅಂತ ತಂತಿ ಬಂದು ಆಗಿತ್ತು. ಇವರು ಕಂಡದ್ದನ್ನು ಹೇಳಿದರೂ ದಫ್ತರದಲ್ಲಿ ಅದು ಬದಲಾಗಲಿಲ್ಲವಂತೆ, ನಮ್ಮ ವಿಳಾಸವನ್ನೂ ಕೊಡಲಿಲ್ಲವಂತೆ. ಪಡೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೈಸೂರು ಮಾದು ಅಂತ. ಕಾಲು ವಾಸಿಯಾದ ಮೇಲೆ ಇವರು ಮೈಸೂರು ಸಿಟಿಗೇ ಬಂದು, ಮಿಲಿಟರಿ ಮಾದು ಮನೆ ಯಾವುದು ಅಂತ ಬೀದಿಬೀದಿ ಕೇಳಿದರಂತೆ. ಹರವೆ ಅಂತ ಒಂದು ಊರಿದೆ ಅಂತ ಅವರಿಗೇನು ಗೊತ್ತು.

ಅವ್ವ ಸತ್ತ ವರ್ಷ ಮಾಳಯ ಅಮಾವಾಸ್ಯೆಗೆ ಅವಳ ಎಡೆ ಪಕ್ಕ ಅಣ್ಣನಿಗೂ ಒಂದು ಎಲೆ ಹಾಕಿದ್ದೆ. ನೀವು ಅದನ್ನು ಎತ್ತಿ ಬಿಸಾಡಿ, ಸತ್ತೌನೆ ಅಂತ ಯಾರ್ಲಾ ಹೇಳಿದ್ದು ನಿಂಗೆ ಅಂತ ಕೇಳಿ ಗುಂಡ್ಲುಪೇಟೆ ಬಸ್ಸು ಹತ್ತಿದಿರಿ. ಅವತ್ತಿನಿಂದ ನಮಗೆ ಮಾತಿಲ್ಲ. ಅಣ್ಣ ಹಸಿದುಕೊಂಡು ಅಲೆಯುತ್ತಿದ್ದಾನೆ, ಅದಕ್ಕೆ ಇವಳೇ ಕಾರಣ ಅಂತ ನಾನು ಊರಲ್ಲಿ ಹೇಳಿಕೊಂಡು ತಿರುಗಿದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ.

ಅಣ್ಣ ಹಸಿದಿಲ್ಲ ಅತ್ತಿಗೆ. ಮುತ್ತುಸಾಮಿ ಮನೆಯಲ್ಲಿ ಪ್ರತಿ ಮಾಳಯಕ್ಕೂ ತಮ್ಮ ಹಿರಿಯರ ಸಾಲಿನ ಕೊನೆಗೆ ಮೈಸೂರು ಮಾದುಗೂ ಒಂದು ಎಲೆ ಹಾಕುತ್ತಾರೆ. ರಾಗಿ ಮುದ್ದೆ, ಹುರುಳಿ ಸಾರು. ಪಡೆಯ ಅಡುಗೆಯವನು ಏನು ಬಡಿಸಿದರೂ ಅಣ್ಣ ಇನ್ನಷ್ಟು ಉಪ್ಪು ಹಾಕಿಸಿಕೊಳ್ಳುತ್ತಿದ್ದನಂತೆ. ನನ್ನೆಂಡ್ರು ಮಾಡಿದಂಗೆ ಇಲ್ದಿದ್ರೆ ಗಂಟಲಲ್ಲಿ ಇಳಿಯಕಿಲ್ಲ ಕಣ್ಲಾ ಅನ್ನುತ್ತಿದ್ದನಂತೆ. ಅದಕ್ಕೇ ಆ ಮನೆಯಾಕೆ ಅವನ ಸಾರಿಗೆ ಮಾತ್ರ ಬೇರೆಯಾಗಿ ಉಪ್ಪು ಹಾಕುತ್ತಾರೆ. ಅದನ್ನು ಕೇಳಿ ನಾನು ಆ ಮುದುಕರ ಕಾಲು ಮುಟ್ಟಿದೆ. ಯಾರ ಕಾಲನ್ನೂ ಮುಟ್ಟಿದವನಲ್ಲ ನಾನು, ನಿಮಗೆ ಗೊತ್ತು.

ನಿಮಗೂ ಒಂದು ಮಾತು ಹೇಳಬೇಕು. ಇಷ್ಟು ವರ್ಷ ಅಣ್ಣನನ್ನು ಸಾಯಲು ಬಿಡದೆ ಇಟ್ಟುಕೊಂಡವರು ನೀವೊಬ್ಬರೇ. ಅವನು ಸುಮ್ಮನೆ ಸತ್ತ ಅಂತ ನಾವು ಒಪ್ಪಿಕೊಂಡು ಕೂತಿದ್ದೆವು. ನೀವಿಲ್ಲದಿದ್ದರೆ ನಾನು ಬರೀ ಎಲೆ ಹಾಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ, ಇದೊಂದೂ ನನಗೆ ತಿಳಿಯುತ್ತಿರಲಿಲ್ಲ. ಭಾನುಗೆ ದೊಡ್ಡತಾತನ ಹೆಸರು ಹೇಳಿ ಹೇಳಿ ಕಳಿಸಿದವರೂ ನೀವೇ. ಆ ಉಪಕಾರ ನನ್ನಿಂದ ತೀರುವುದಿಲ್ಲ.

ಇದೇ ಇಪ್ಪತ್ತೊಂದಕ್ಕೆ ಅಮಾವಾಸ್ಯೆ. ಅಣ್ಣನಿಗೆ ಎಲೆ ಹಾಕಬೇಕೋ ಬೇಡವೋ ನೀವು ಹೇಳಿ. ಬೇಡ ಅಂದರೆ ಹಾಕುವುದಿಲ್ಲ, ರೇಗುವುದೂ ಇಲ್ಲ. ನಿಮ್ಮ ಕುಂಕುಮದ ಮಾತು ನಾನು ಎತ್ತುವುದಿಲ್ಲ. ಯಾರಾದರೂ ಎತ್ತಿದರೆ ನನ್ನ ಹತ್ತಿರ ಕಳಿಸಿ.

ಇಂತಿ ನಿಮ್ಮ ಮೈದ,
ಚಿಕ್ಕಣ್ಣ

ಮರೆತಿದ್ದೆ: ಅವತ್ತು ಮುತ್ತುಸಾಮಿಯವರೂ ಹರವೆಗೆ ಬರುತ್ತಾರೆ. ನಮ್ಮ ಸೊಸೆ ವನಿತಾ ಕೈಲಿ ಮೂರು ಸಲ ಹುರುಳಿ ಸಾರು ಮಾಡಿಸಿ ನೋಡಿದೆ. ಎಷ್ಟು ಹೇಳಿದರೂ ಆ ಹುಡುಗಿ ಉಪ್ಪು ಸರಿಯಾಗಿಯೇ ಹಾಕುತ್ತಾಳೆ. ಆ ಸಾರು ಅಣ್ಣನಿಗೆ ಆಗುವುದಿಲ್ಲ. ಅವ್ವ ಬೈಯುವಾಗ ಅವಳ ಕಣ್ಣು ತಪ್ಪಿಸಿ ನಾನೂ ಎರಡು ಸಲ ಬಡಿಸಿಕೊಳ್ಳುತ್ತಿದ್ದೆ, ನಿಮಗೆ ಹೇಳಿರಲಿಲ್ಲ.