ಟವೆಲ್ಲಿನ ಕೆಳಗಿನ ದಾಳ

ಸಿಂಧನೂರು
19 ಜನವರಿ 2025, ರವಿವಾರ

ಪ್ರೀತಿಯ ಇಲಿಯಾಸ್ ಭಾಯಿ,

ಸಲಾಮ್. ಹೇಗಿದ್ದೀಯ? ತಂಜಾವೂರಿನ ಗದ್ದೆಗಳಲ್ಲಿ ಭತ್ತ ಕೊಯ್ಯುವ ಮಷೀನಿನ ಮೇಲೆ ದಿನವಿಡೀ ಕೂತು ನಿನಗೆ ಸೊಂಟ ನೋವೆಂದು ಅಲ್ಲಿಂದ ಬಂದ ನಿನ್ನ ಜೊತೆಗಾರ ಗದ್ದೆಪ್ಪ ಹೇಳಿದ. ನಮಗೆ ಮಾತ್ರ ಫೋನಿನಲ್ಲಿ ‘ನಂದೇನೈತಿ, ಆರಾಮ ಅದೀನಿ’ ಅನ್ನುತ್ತೀ. ಹೊತ್ತಿಗೆ ಸರಿಯಾಗಿ ಉಣ್ಣು, ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೋ. ಇಲ್ಲಿ ಅಬ್ಬಾ, ಅಮ್ಮಿ ಇಬ್ಬರೂ ಚೆನ್ನಾಗಿದ್ದಾರೆ. ಮಷೀನಿನ ಬೆಲ್ಟು ತೆಗೆದುಕೊಂಡು ಗದ್ದೆಪ್ಪ ಇವತ್ತು ಸಂಜೆ ನಿನ್ನಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಫೋನಿರುವಾಗ ಕಾಗದ ಯಾಕೆಂದು ನಗಬೇಡ. ನಿನ್ನ ಫೋನು ಬಂದರೆ ಸಾಕು, ಅಬ್ಬಾ ಸ್ಪೀಕರ್ ಹಾಕಿ ಎಲ್ಲರ ನಡುವೆ ಇಟ್ಟುಬಿಡುತ್ತಾರೆ.

ಮನೆಯ ಸುದ್ದಿ ಒಂದೇ. ಬರುವ ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಮಸ್ಕಿಯವರು ಬಂದು ನನ್ನ ಮದುವೆಯ ಮಾತು ಗಟ್ಟಿ ಮಾಡಿಕೊಂಡು ಹೋಗುತ್ತಾರೆ. ಹುಡುಗ ಶಕೀಲ್, ಅಬ್ಬಾನ ಹಳೆಯ ಗೆಳೆಯರ ಮಗ, ಸಿಮೆಂಟ್ ಅಂಗಡಿ ಇದೆ. ಕೆಟ್ಟ ಮನುಷ್ಯನೇನಲ್ಲ. ಅಬ್ಬಾ ಮಾತು ಕೊಟ್ಟಾಗಿದೆ, ಅಮ್ಮಿ ಶಾವಿಗೆ ತರಿಸಿಟ್ಟಾಗಿದೆ. ನನ್ನ ಬಿ.ಎಡ್. ಇನ್ನೂ ಒಂದು ವರ್ಷ ಉಳಿದಿದೆ. ಅದರ ಮಾತನ್ನು ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಅದಿರಲಿ, ನಮ್ಮ ಆಟದ ಸುದ್ದಿ ಹೇಳುತ್ತೇನೆ.

ನೀನು ಬಿಟ್ಟುಹೋದ ಕಥೆ ಆಟವನ್ನು ಈಗ ನಾನೇ ನಡೆಸುತ್ತಿದ್ದೇನೆ. ರವಿವಾರ ಮಧ್ಯಾಹ್ನ ಶಿವಕುಮಾರಿಯ ಕಿರಾಣಿ ಅಂಗಡಿಯ ಹಿಂದೆ, ಅದೇ ಅಕ್ಕಿ ಚೀಲಗಳ ಮೇಲೆ ಕೂಡುತ್ತೇವೆ. ನಾನು ಕಥೆ ಹೇಳುತ್ತ ಹೋಗುತ್ತೇನೆ, ಅವರು ಅದರೊಳಗಿನ ಪಾತ್ರಗಳಾಗಿ ಆಡುತ್ತಾರೆ: ಅವಳು ಕೋಟೆಯ ಗೂಢಚಾರಿಣಿ, ಅವಳ ತಮ್ಮ ಸಂಗನಬಸವ ಸಿಪಾಯಿ, ಕಥೆಯೊಳಗಿನ ಉಳಿದ ಜನವೆಲ್ಲ ನಾನೇ. ಕಥೆ ಹೇಳುವುದೇನೋ ಬರುತ್ತದೆ, ತಲೆನೋವೆಲ್ಲ ಸುಳ್ಳು ಹಿಡಿಯುವ ದಾಳದ್ದು. ಕಥೆಯಲ್ಲಿ ಎದುರಾದವರ ಮಾತಿನ ಮೇಲೆ ಅನುಮಾನ ಬಂದಾಗ ಇವರು ‘ದಾಳ ಹಾಕು’ ಅನ್ನುತ್ತಾರೆ. ಹೆಚ್ಚು ಬಿದ್ದರೆ ಸುಳ್ಳು ಇದ್ದದ್ದು ತಿಳಿಯುತ್ತದೆ, ಕಡಿಮೆ ಬಿದ್ದರೆ ಇದ್ದರೂ ತಿಳಿಯುವುದಿಲ್ಲ. ಬಿದ್ದ ಅಂಕಿ ಅವರ ಕಣ್ಣಿಗೆ ಬಿದ್ದರೆ ಆಟ ಕೆಟ್ಟಿತೆಂದೇ ಲೆಕ್ಕ. ಕಡಿಮೆ ಬಿದ್ದದ್ದು ಕಂಡಮೇಲೆ ನಾನು ‘ಅನುಮಾನವೇನೂ ಕಾಣಲಿಲ್ಲ’ ಅಂದರೆ ಸಂಗನಬಸವ ನಂಬುತ್ತಾನೆಯೇ? ಅದಕ್ಕೇ ಅಲ್ಲವೇ ನೀನು ಅಜ್ಜನ ಟವೆಲ್ಲು ತಂದದ್ದು. ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ ಅಜ್ಜ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ. ನಾನು ಅದೇ ಟವೆಲ್ಲಿನ ಕೆಳಗೆ ದಾಳ ಉರುಳಿಸಿ, ಅಂಚೆತ್ತಿ ಒಬ್ಬಳೇ ನೋಡಿ, ಕೇಳಿದವರ ಕೈ ಮಾತ್ರ ಹಿಡಿಯುತ್ತೇನೆ. ಒಂದು ಬೆರಳು ಹಿಡಿದರೆ ಏನೂ ತಿಳಿಯಲಿಲ್ಲ ಎಂದು. ಇಡೀ ಕೈ ಹಿಡಿದರೆ ಎದುರಿನವರು ಏನೋ ಮುಚ್ಚಿಡುತ್ತಿದ್ದಾರೆ ಎಂದು. ಉಳಿದವರಿಗೆ ಹೇಳುವುದು, ಬಿಡುವುದು ಕೇಳಿದವರ ಇಷ್ಟ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಆದರೂ ಹೋದ ವಾರ ಎಡವಟ್ಟಾಯಿತು. ಇಬ್ಬರೂ ಕಥೆಯಲ್ಲಿ ಒಂದು ಊರಿಗೆ ಬಂದರು. ಇವರು ಕೇಳುವ ಮೊದಲೇ ಊರಗೌಡನ ಹೆಂಡತಿಯ ಬಾಯಲ್ಲಿ ನಾನು ‘ಇಲ್ಲಿ ಎಲ್ಲಾ ಸುಖ ಐತ್ರಿ, ಯಾರ ಕಾಟಾನೂ ಇಲ್ರಿ’ ಅನ್ನಿಸಿದೆ. ಶಿವಕುಮಾರಿ ದಾಳ ಕೇಳಿದಳು. ಒಳ್ಳೆಯ ಅಂಕಿಯೇ ಬಿತ್ತು, ಇಡೀ ಕೈ ಹಿಡಿದೆ. ಅವಳು ತಡೆಯಲಾರದೆ ತಮ್ಮನಿಗೆ ಹೇಳಿಬಿಟ್ಟಳು. ಅವನು ಎದ್ದೇ ನಿಂತ. ‘ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಾಳ! ಈಕಿ ವೈರಿ ಕಡ್ಯಾಕಿ, ಕಟ್ಟಿ ಹಾಕೋಣು’ ಎಂದ. ಕಟ್ಟಿಯೂ ಹಾಕಿದರು. ಆಮೇಲೆ ನೋಡಿದರೆ, ದರೋಡೆಕೋರರು ಆಕೆಯ ಮಗನನ್ನು ಹಿಡಿದಿಟ್ಟುಕೊಂಡು ಹಾಗೆ ಹೇಳಿಸಿದ್ದರು. ಇವರ ಗದ್ದಲ ಕೇಳಿ ಮಗನನ್ನು ಎಳೆದುಕೊಂಡು ಗುಡ್ಡ ಹತ್ತಿದರು. ಶಿವಕುಮಾರಿಗೆ ಸಿಟ್ಟು ಬಂದದ್ದು ನನ್ನ ಮೇಲೆ: ‘ಮೊದ್ಲ ಹೇಳಾಕ ನಿನಗೇನಾಗಿತ್ತು ಬೇ?’ ಹೇಗೆ ಹೇಳಲಿ? ಕೇಳದ ಹೊರತು ಕಥೆ ಹೇಳುವವರು ತಾವಾಗಿ ಬಾಯಿ ಬಿಡಬಾರದೆಂದು ನಿಯಮ ಮಾಡಿದವನು ನೀನು. ದಾಳಕ್ಕೆ ಸುಳ್ಳು ಸಿಗುತ್ತದೆ, ಸುಳ್ಳಿನ ಕಾರಣ ಸಿಗುವುದಿಲ್ಲ. ಅದಕ್ಕೆ ನಾನೊಂದು ನಿಯಮ ಸೇರಿಸಿದ್ದೇನೆ: ಸುಳ್ಳು ಸಿಕ್ಕಮೇಲೆ ಮೊದಲು ಆಕೆಯನ್ನು ಬದಿಗೆ ಕರೆದು ‘ಯಾರಿಗೆ ಹೆದರೀದಿ?’ ಎಂದು ಕೇಳಬೇಕು. ಸಂಗನಬಸವ ಒಪ್ಪಿಲ್ಲ. ಸಿಪಾಯಿಗೆ ಅಷ್ಟು ಪುರುಸೊತ್ತು ಇರುವುದಿಲ್ಲವಂತೆ.

ಅಮ್ಮಿ ದುವಾ ಹೇಳಿದ್ದಾಳೆ. ನಿನ್ನ ಸೊಂಟಕ್ಕೆಂದು ಎಣ್ಣೆ ಕಾಸಿ ಬಾಟಲಿಗೆ ತುಂಬಿದ್ದಾಳೆ, ಹಚ್ಚಿಕೊಳ್ಳದೆ ಹಾಗೇ ವಾಪಸು ತಂದೀಯ. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ನಿಶಾತ್

ತಾ.ಕ.: ಗದ್ದೆಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ನೀನು ‘ನಿಶಾತ್, ಈ ಮದುವಿ ನಿನಗ ಖುಷಿ ಐತಿಲ್ಲ?’ ಅಂದೆ. ಅಬ್ಬಾ ಎದುರಿಗೇ ಕೂತಿದ್ದರು. ‘ಹ್ಞೂಂ ಭಾಯಿ, ಖುಷಿ ಐತಿ’ ಅಂದೆ. ನೀನು ದಾಳ ಕೇಳಲೇ ಇಲ್ಲ. ಎಣ್ಣೆ ಬಾಟಲಿಗೆ ಸುತ್ತಿರುವುದು ಅಜ್ಜನ ಟವೆಲ್ಲು. ಶುಕ್ರವಾರದೊಳಗೆ ಶಿವಕುಮಾರಿಯ ಅಂಗಡಿಗೆ ಫೋನು ಮಾಡು. ನಾನು ಬಂದು ಒಬ್ಬಳೇ ಮಾತಾಡುತ್ತೇನೆ. ಅದೇ ಮಾತನ್ನು ಇನ್ನೊಂದು ಸಲ ಕೇಳು. ಅಬ್ಬಾನ ಮೇಲೆ ಸಿಟ್ಟಾಗಬೇಡ, ಸಂಗನಬಸವನ ಹಾಗೆ ಎದ್ದು ನಿಲ್ಲಬೇಡ. ನನಗೆ ಭಯವಾಗಿದೆ. ದಾಳ ಹಾಕುವುದೂ ಬೇಡ ಭಾಯಿ, ನಿನ್ನ ಇಡೀ ಕೈ ಹಿಡಿದಿದ್ದೇನೆ.