ಹೆಸರಿಲ್ಲದ ಹಾಳೆ

ನಾರಾಯಣಖೇಡ ಸೀಮೆ
ಅಕ್ಟೋಬರ್ ೩, ೨೦೧೧

ಆರೋಗ್ಯ ಅಧಿಕಾರಿ ಸಾಹೇಬರಿಗೆ ಶರಣು.

ಸಿಬ್ಬಂದಿಯ ಕಷ್ಟಸುಖ ಕೇಳಿ ನೀವು ಕಳಿಸಿದ ಹಾಳೆಯಲ್ಲಿ ಹೆಸರು ಬರೆಯಬೇಡಿ ಎಂದಿತ್ತು. ನಮ್ಮ ದವಾಖಾನೆಯಲ್ಲಿ ನರ್ಸು ನಾನೊಬ್ಬಳೇ. ಹೆಂಗಸರ ಪಾಯಖಾನೆಯಲ್ಲಿ ಔಷಧದ ಡಬ್ಬಿ ತುಂಬಿ ಬೀಗ ಹಾಕಿದ್ದಾರೆ, ನಾನೂ ಬಸುರಿಯರೂ ತೊಗರಿ ಹೊಲಕ್ಕೆ ಹೋಗುತ್ತೇವೆ ಎಂದು ಬರೆದೆ.

ಹಾಳೆಗಳನ್ನು ಕೂಡಿಸಿ ನಿಮಗೆ ಕಳಿಸಬೇಕಾದ ನಮ್ಮ ಡಾಕ್ಟರು ಅದನ್ನು ಓದಿ ನಕ್ಕರು. "ಮಹಾನಂದಾ, ಹೆಸರಿಲ್ಲಂದ್ರ ಗೊತ್ತಾಗಂಗಿಲ್ಲೇನು? ಎಲ್ಲಾ ಚಲೋ ಅದ ಅಂತ ಬ್ಯಾರೆ ಹಾಳಿ ಬರದು ಕೊಡು. ಇಲ್ಲಂದ್ರ ಬ್ಯಾರೆ ಊರಿಗಿ ಬದಲಿ ಮಾಡಸ್ತೀನಿ."

"ತೊಗರಿ ಕೊಯ್ದ ಮ್ಯಾಲ ಮರೆ ಎಲ್ಲದರಿ, ಡಾಕ್ಟರಸಾಬ್?" ಎಂದೆ.

ಎಲ್ಲಾ ಚಲೋ ಎಂಬ ಹಾಳೆ ಬಂದರೆ ಅದು ನನ್ನದಲ್ಲ. ಪ್ರತ್ಯೇಕ ತೆಲಂಗಾಣ ರಾಜ್ಯದ ಮುಷ್ಕರಕ್ಕೆ ಬಸ್ಸುಗಳು ನಿಂತಿವೆ; ಇದನ್ನು ಹಾಲಿನ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ನನ್ನನ್ನು ಬದಲಿ ಮಾಡಿದರೂ ಬೀಗ ತೆಗೆಸಿರಿ. ನನ್ನ ಜಾಗಕ್ಕೆ ಬರುವವಳೂ ಹೆಂಗಸೇ.

ಹೆಸರು ಬರೆದೇ ಕಳಿಸುತ್ತಿರುವ,
ಮಹಾನಂದಾ ವೈಜಿನಾಥ, ನರ್ಸು